ಕಾಲುದಾರಿ ಉಳಿದರೆ ಬೆಟ್ಟದ ಓಟ

ಮಲೆನಾಡಿನಲ್ಲಿ ಒಬ್ಬರು ಓಡಿಬರುತ್ತಿದ್ದಾರೆಂದರೆ ಏನೋ ಸುದ್ದಿ ಇದೆ ಎಂದೇ ಲೆಕ್ಕ. ಹಾವು ಕಚ್ಚಿರಬೇಕು, ಆನೆ ತೋಟಕ್ಕೆ ಇಳಿದಿರಬೇಕು, ಇಲ್ಲವೇ ಯಾರಿಗೋ ಎದೆನೋವು ಬಂದು ಜೀಪು ಬೇಕಾಗಿರಬೇಕು. ಆಲ್ದೂರು ಕಡೆಯ ಕಾಫಿ ತೋಟವೊಂದರ ಮಗ್ಗುಲಲ್ಲಿ ಬೆಳಗಿನ ಹೊತ್ತು ಓಡುತ್ತಿದ್ದೆ. ಹಣ್ಣು ಕುಯ್ಯಲು ಹೊರಟಿದ್ದ ಹೆಂಗಸರು ದಾರಿ ಬಿಟ್ಟು ದರೆಗೆ ಒತ್ತಿ ನಿಂತರು. ಅವರಲ್ಲಿ ಹಿರಿಯರೊಬ್ಬರು ಗಾಬರಿಯಿಂದ ಕೇಳಿದರು: ‘ಎಂತ ಆಯ್ತು ಮಾರಾಯ್ರೆ, ಆನೆ ಬಂತಾ?’ ಏನೂ ಇಲ್ಲಮ್ಮ, ಸುಮ್ಮನೆ ಓಡುತ್ತಿದ್ದೇನೆ ಎಂದೆ. ಅವರ ಮುಖದಲ್ಲಿ ಮೊದಲು ಸಮಾಧಾನ ಕಂಡಿತು, ಆಮೇಲೆ ಸಣ್ಣ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ. ಮನೆ, ಕೂಲಿ ಲೈನು, ಗದ್ದೆ ಕೆಲಸದವರು ಕಂಡಲ್ಲಿ ಓಟ ನಿಲ್ಲಿಸಿ ನಡೆಯಬೇಕು, ನಾಲ್ಕು ಮಾತಾಡಿ ಮುಂದೆ ಹೋಗಬೇಕು ಎಂಬುದನ್ನು ಬೆಟ್ಟದ ಓಟದ ಮೊದಲ ಪಾಠವೆಂದೇ ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಹೇಳಲು ಕಾರಣವಿದೆ. ವಾರದ ಕೊನೆಗೆ ಬೆಂಗಳೂರು, ಮಂಗಳೂರುಗಳಿಂದ ಓಟದ ಬೂಟು ಕಟ್ಟಿಕೊಂಡು ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಶೃಂಗೇರಿ ಕಡೆಗೆ ಬರುವವರು ಹೆಚ್ಚಾಗಿದ್ದಾರೆ. ‘ಮಲ್ನಾಡ್ ಅಲ್ಟ್ರಾ’ದಂಥ ದೂರದ ಓಟದ ಸ್ಪರ್ಧೆಗಳು ಕಾಫಿ ತೋಟಗಳ ಒಳಗೇ ನಡೆಯುತ್ತಿವೆ. ಹೊಸದಾಗಿ ಬಂದವರು ಮೊಬೈಲ್ ತೆರೆದು, ಮೊದಲು ಯಾರೋ ಓಡಿ ಉಳಿಸಿಹೋದ ಗೆರೆಯನ್ನು ಹಿಡಿದು ಹೊರಡುತ್ತಾರೆ. ಆದರೆ ಆ ಗೆರೆ ಬೀಳುವುದಕ್ಕೆ ಎಷ್ಟೋ ಮೊದಲೇ ಅಲ್ಲಿ ದಾರಿ ಇತ್ತು. ಡೈರಿಗೆ ಹಾಲು ಹೊರುವವರು, ಶಾಲೆಗೆ ಹೋಗುವ ಮಕ್ಕಳು, ದನ ಅಟ್ಟುವವರು, ರೇಷನ್ ತರುವವರು ತುಳಿದು ತುಳಿದು ಮಾಡಿದ ದಾರಿ ಅದು. ಮಲೆನಾಡಿನ ಒಳ್ಳೆಯ ಓಟದ ದಾರಿಗಳೆಲ್ಲ ಇಂಥವೇ. ಏರನ್ನು ಎಲ್ಲಿ ಸುತ್ತಬೇಕು, ಹಳ್ಳವನ್ನು ಎಲ್ಲಿ ದಾಟಬೇಕು, ಎಲ್ಲಿ ಕೂತು ಸುಧಾರಿಸಿಕೊಳ್ಳಬೇಕು ಎಂದು ತಲೆ ಮೇಲೆ ಹೊರೆ ಹೊತ್ತವರು ಕಂಡುಕೊಂಡ ಜಾಡನ್ನು ಯಾವ ಎಂಜಿನಿಯರೂ ಅದಕ್ಕಿಂತ ಚೆನ್ನಾಗಿ ಎಳೆಯಲಾರರು.

ಎಲ್ಲರಿಗೂ ಗೊತ್ತಿರುವ ದಾರಿ ಗಿರಿಯದು. ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ಚಿಕ್ಕಮಗಳೂರು ಪಟ್ಟಣದಿಂದ ಕೈಮರ, ಸೀತಾಳಯ್ಯನಗಿರಿ ಮೇಲೆ ಹೋದರೆ 20 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು, ಏರು 800 ಮೀಟರಿಗೂ ಮೇಲೆ. ಬಯಲಿನಲ್ಲಿ ಇಷ್ಟು ದೂರವನ್ನು ಎರಡು ಗಂಟೆಯಲ್ಲಿ ಓಡುವವರು ಇಲ್ಲಿ ಅದೇ ಲೆಕ್ಕ ಹಾಕಿ ಬಂದರೆ ಸೀತಾಳಯ್ಯನಗಿರಿ ತಲುಪುವಷ್ಟರಲ್ಲಿ ನೀರು ಮುಗಿದಿರುತ್ತದೆ, ಕಾಲೂ ಮುಗಿದಿರುತ್ತದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಒಂದು ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ನಡೆಯುವವರಿಗೆ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಓಡುವವರ ವೇಗ ಬೇರೆಯಾದರೂ ತತ್ವ ಒಂದೇ, ದೂರವನ್ನೂ ಎತ್ತರವನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. ಶಿಖರದ ಹತ್ತಿರ ಗಾಳಿಯ ಒತ್ತಡ ಕಡಲತೀರದ ಒತ್ತಡದ ಐದರಲ್ಲಿ ನಾಲ್ಕು ಪಾಲಿನಷ್ಟಿರುತ್ತದೆ. ಕರಾವಳಿಯಿಂದ ಬಂದವರಿಗೆ ಕೊನೆಯ ಮೆಟ್ಟಿಲುಗಳಲ್ಲಿ ಏದುಸಿರು ಬರುವುದರಲ್ಲಿ ಇದರ ಪಾಲೂ ಇದೆ.

ಡಾಂಬರು ರಸ್ತೆಯಲ್ಲಿ ಭಾನುವಾರ ಕಾರು, ಜೀಪುಗಳ ಸಾಲು. ಓಡುವವರಿಗೆ ಅದು ದಾರಿಯೇ ಅಲ್ಲ. ಹಳೆಯ ಸರ್ಪದಾರಿ ಹುಲ್ಲುಗುಡ್ಡದ ಬೆನ್ನಿನ ಮೇಲೆ ಅಂಕುಡೊಂಕಾಗಿ ಏರುತ್ತದೆ. ವಾರದ ನಡುವಿನ ದಿನ, ಬೆಳಕು ಹರಿದ ಮೇಲೆ, ಅದೇ ಸರಿಯಾದ ಹೊತ್ತು.

ಏರಿನದ್ದೇ ಮಾತಾಯಿತು. ಇಳಿಜಾರಿನದ್ದು ಇನ್ನೂ ಕಷ್ಟದ ಕೆಲಸ ಎಂಬುದು ಹೊಸಬರಿಗೆ ತಿಳಿಯುವುದು ಮಾರನೆಯ ದಿನ, ಮಂಚದಿಂದ ಇಳಿಯುವಾಗ. ಏರುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಮೈಭಾರವನ್ನು ತಡೆಯುತ್ತಲೇ ಹಿಗ್ಗಬೇಕಾಗುತ್ತದೆ. ಈ ಹಿಗ್ಗುವ ಕೆಲಸ ಉಸಿರಿಗೆ ಹಗುರ, ಸ್ನಾಯುವಿನ ಎಳೆಗಳಿಗೆ ಮಾತ್ರ ಭಾರ. ನೋವು ಒಂದು ದಿನ ತಡವಾಗಿ ಬಂದು ಎರಡು ಮೂರು ದಿನ ಉಳಿಯುವುದು ಇದರಿಂದಲೇ. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಕಣ್ಣು ಪಾದದ ಮೇಲಲ್ಲ, ನಾಲ್ಕು ಹೆಜ್ಜೆ ಮುಂದಿರಲಿ ಎಂದು ತರಬೇತುದಾರರು ಹೇಳುತ್ತಾರೆ.

ಇದನ್ನು ನಾನು ಕಣ್ಣಾರೆ ಕಲಿತದ್ದು ತರಬೇತುದಾರರಿಂದಲ್ಲ, ದೇವೀರಮ್ಮನ ಬೆಟ್ಟದಲ್ಲಿ. ಚಿಕ್ಕಮಗಳೂರಿನ ಮಲ್ಲೇನಹಳ್ಳಿ ಬಿಂಡಿಗದ ಈ ಬೆಟ್ಟವನ್ನು ಭಕ್ತರು ದೀಪಾವಳಿಯ ನರಕ ಚತುರ್ದಶಿಗೆ ಏರುತ್ತಾರೆ. ಸಾವಿರಾರು ಜನ, ಬಹಳಷ್ಟು ಮಂದಿ ಬರಿಗಾಲಲ್ಲಿ, ಕತ್ತಲಿರುವಾಗಲೇ ಹೊರಟುಬಿಡುತ್ತಾರೆ. ಹರಕೆಯ ಸೌದೆ, ತುಪ್ಪ, ಬಟ್ಟೆ ಕೈಯಲ್ಲಿ. ಹಿಂಗಾರು ಮಳೆ ಬಿದ್ದಿದ್ದರೆ ಜಾಡು ಪೂರ್ತಿ ಕೆಸರು. ಕಾಲೇಜು ಹುಡುಗರು ಬೂಟು ಹಾಕಿಕೊಂಡು ಜಾರಿ ಬೀಳುತ್ತಿದ್ದ ಜಾಗದಲ್ಲಿ ವಯಸ್ಸಾದ ಒಬ್ಬ ಹೆಂಗಸು ಇಳಿದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸೀರೆಯನ್ನು ಮಂಡಿಗೆ ಎತ್ತಿ ಕಟ್ಟಿದ್ದರು. ಮೈಯನ್ನು ಇಳಿಜಾರಿಗೆ ಅಡ್ಡ ತಿರುಗಿಸಿ, ಮೊದಲು ಹೆಬ್ಬೆರಳನ್ನು ಕೆಸರಿಗೆ ಒತ್ತಿ, ಅದು ಹಿಡಿಯಿತೆಂದು ಗೊತ್ತಾದ ಮೇಲೆ ಹಿಮ್ಮಡಿ ಇಳಿಸಿ, ಹುಲ್ಲಿನ ಬುಡ ಸಿಕ್ಕಲ್ಲಿ ಅದರ ಮೇಲೆಯೇ ಕಾಲಿಟ್ಟು, ಎಲ್ಲೂ ನಿಲ್ಲದೆ ಹೋದರು. ಮೊಣಕೈ ಮೈಗೆ ಅಂಟಿಕೊಂಡೇ ಇತ್ತು. ದುಬಾರಿ ಬೂಟಿನ ಅಡಿಭಾಗ ಮಾಡಬೇಕಾದ ಕೆಲಸವನ್ನು ಆ ಹೆಬ್ಬೆರಳು ಮಾಡುತ್ತಿತ್ತು.

ಹೊಸದಾಗಿ ಶುರುಮಾಡುವವರಿಗೆ ನಾನು ಗಿರಿಯನ್ನು ಹೇಳುವುದಿಲ್ಲ, ಶೃಂಗೇರಿಯಿಂದ ಕಿಗ್ಗಕ್ಕೆ ಹೋಗಿ ಎನ್ನುತ್ತೇನೆ. ಹತ್ತು ಕಿಲೋಮೀಟರಿನ ಒಳಗೆ ಮುಗಿಯುವ ಊರ ರಸ್ತೆ. ಅಡಿಕೆ ತೋಟ, ಗದ್ದೆ ಬಯಲು, ನಡುನಡುವೆ ಒಂದೊಂದು ಮನೆ, ಕೊನೆಗೆ ಋಷ್ಯಶೃಂಗೇಶ್ವರನ ದೇವಸ್ಥಾನ. ಮಳೆಗಾಗಿ ಜನ ಹರಕೆ ಹೊರುವ ದೇವರು ಅದು. ಕಾಲಲ್ಲಿ ಇನ್ನೂ ಕಸುವಿದ್ದರೆ ಸಿರಿಮನೆ ಜಲಪಾತದವರೆಗೂ ಹೋಗಬಹುದು. ಅಲ್ಲಿಂದಾಚೆ ನರಸಿಂಹ ಪರ್ವತದ ಏರು ಬೇರೆಯದೇ ಮಾತು. ಅದು ಕಾಡಿನ ದಾರಿ, ಅರಣ್ಯ ಇಲಾಖೆಯ ಅನುಮತಿ ಬೇಕು. ಕುದುರೆಮುಖ ಶಿಖರಕ್ಕೂ ಹಾಗೆಯೇ. ಅನುಮತಿ ಚೀಟಿಯನ್ನು ಕಿರಿಕಿರಿ ಎಂದುಕೊಳ್ಳುವವರಿದ್ದಾರೆ. ಕಾಟಿ, ಕರಡಿ, ಚಿರತೆ ಇರುವ ಜಾಗದಲ್ಲಿ ತಿರುವಿನಲ್ಲಿ ಸದ್ದಿಲ್ಲದೆ ಓಡಿ ಎದುರಾಗುವ ಮನುಷ್ಯ ಪ್ರಾಣಿಗೂ ಅಪಾಯ, ತನಗೂ ಅಪಾಯ. ಒಳಗೆ ಯಾರಿದ್ದಾರೆ, ಯಾವಾಗ ಹೊರಬರಬೇಕು ಎಂಬುದು ಗೇಟಿನಲ್ಲಿ ಒಬ್ಬರಿಗಾದರೂ ಗೊತ್ತಿರಲೇಬೇಕು.

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆ ಆನೆಯದ್ದೇ ದೊಡ್ಡ ಚಿಂತೆ. ಅಲ್ಲಿನವರು ಬೆಳಗ್ಗೆ ಎದ್ದು ಮೊದಲು ನೋಡುವುದು ಆನೆ ಎಲ್ಲಿದೆ ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು. ತೋಟದ ರೈಟರನ್ನೋ, ಅಂಗಡಿಯವರನ್ನೋ ಕೇಳದೆ ಆ ಕಡೆ ಕಾಲಿಡಬಾರದು. ಇಯರ್‌ಫೋನ್ ಹಾಕಿಕೊಂಡಂತೂ ಬೇಡವೇ ಬೇಡ.

ಇನ್ನು ಋತು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತ ಮಳೆಗಾಲದಲ್ಲಿ ಓಡುವ ಮಾತೇ ಇಲ್ಲ. ದರೆ ಕುಸಿಯುತ್ತದೆ, ಸಂಕದ ಮೇಲೆ ಪಾಚಿ ಕಟ್ಟುತ್ತದೆ. ಉಂಬಳ ಹತ್ತಿದರೆ ಉಪ್ಪೋ ಸುಣ್ಣವೋ ಸಾಕು, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಉಣುಗಿಗೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಅದು ಹೆಚ್ಚುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಆಕಾಶ ತಿಳಿಯಾಗಿ, ನೆಲ ಒಣಗಿ, ಬೆಳಗಿನ ಚಳಿ ಹಿತವಾಗಿ, ಓಟಕ್ಕೆ ಹೇಳಿ ಮಾಡಿಸಿದಂತಿರುವ ತಿಂಗಳುಗಳೂ ಇವೇ. ಹೊರಗಿನಿಂದ ಬರುವ ಓಟಗಾರರಲ್ಲಿ ಬಹಳ ಮಂದಿಗೆ ಈ ಕಾಯಿಲೆಯ ಹೆಸರೂ ಗೊತ್ತಿರುವುದಿಲ್ಲ ಎಂಬುದು ನನಗೆ ನಿಜಕ್ಕೂ ಆತಂಕದ ವಿಷಯ. ಆ ದಿನಗಳಲ್ಲಿ ಚಡ್ಡಿ ಬಿಟ್ಟು ಉದ್ದನೆಯ ಕಾಲುಡುಪು ತೊಡಬೇಕು, ಊರಿನವರು ಹಚ್ಚಿಕೊಳ್ಳುವ ಡೆಪಾ ತೈಲ ಹಚ್ಚಬೇಕು, ಒಣಗಿದ ತರಗೆಲೆ ಮೇಲೆ ಕೂರಬಾರದು, ವಾಪಸು ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಓಡಿ ಬಂದ ವಾರದಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಓಟದ ಆಯಾಸ ಎಂದು ತಳ್ಳಿಹಾಕದೆ, ಮಲೆನಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳಬೇಕು.

ಹುಲ್ಲುಗುಡ್ಡಗಳ ಮೇಲೆ ಓಡುವವರಿಗೆ ಇನ್ನೊಂದು ಕೋರಿಕೆ. ಜಾಡಿನ ತಿರುವನ್ನು ಕಡಿದು ನೇರ ಇಳಿಯಬೇಡಿ. ಹಾಗೆ ಇಳಿದ ಕಡೆ ಹುಲ್ಲು ಸವೆಯುತ್ತದೆ, ಮುಂದಿನ ಮಳೆಗೆ ಅದೇ ಗೆರೆ ಕೊರಕಲಾಗುತ್ತದೆ, ಅದರ ಮರುವರ್ಷ ಹಳ್ಳ. ಗಿರಿಯ ಹುಲ್ಲು, ಅದರ ಮಡಿಲಿನ ಶೋಲಾ ಕಾಡು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ, ಅವತಿ ಹಳ್ಳಗಳು ಕೂಡಿ ವೇದಾವತಿಯಾಗಿ ಹಿರಿಯೂರಿನ ಮಾರಿಕಣಿವೆಗೆ ಹೋಗುತ್ತವೆ. ಇಲ್ಲಿ ಉಳಿಸುವ ಅರ್ಧ ನಿಮಿಷದ ಬೆಲೆಯನ್ನು ಕೆಳಗಿನ ಬಯಲುಸೀಮೆಯೂ ತೆರುತ್ತದೆ.

ಇಷ್ಟೆಲ್ಲ ಎಚ್ಚರ ಹೇಳಿದರೂ ನನ್ನ ನಿಜವಾದ ಕೊರಗು ಬೇರೆ. ದಾರಿಗಳೇ ಮುಚ್ಚುತ್ತಿವೆ. ತೋಟ ಕೈ ಬದಲಾಗುತ್ತದೆ, ಹೊಸಬರು ಹೋಂಸ್ಟೇ ಕಟ್ಟುತ್ತಾರೆ, ಉಣಗೋಲು ಇದ್ದಲ್ಲಿ ಬೀಗ ಹಾಕಿದ ಕಬ್ಬಿಣದ ಗೇಟು, ಗೇಟಿನ ಆಚೀಚೆ ವಿದ್ಯುತ್ ಬೇಲಿಯ ಐಬೆಕ್ಸ್ ತಂತಿ. ಊರಿನವರ ಕೈಗೂ ಬೈಕು, ಆಟೊ ಬಂದಿವೆ. ಜನ ನಡೆಯದ ದಾರಿಯನ್ನು ಎರಡೇ ಮಳೆಗಾಲದಲ್ಲಿ ಪೊದೆ ನುಂಗುತ್ತದೆ. ಆದರೆ ಒಳಗಿನ ನಾಲ್ಕು ಮನೆಯ ಮಕ್ಕಳಿಗೆ ಶಾಲೆಗೆ ಇಂದಿಗೂ ಅದೇ ದಾರಿ, ಅದೇ ಸಂಕ. ಲೋಕೋಪಯೋಗಿ ಇಲಾಖೆಯ ‘ಶಾಲಾ ಸಂಪರ್ಕ ಸೇತು’ ಯೋಜನೆಯಿಂದ ಕೆಲವು ಹಳ್ಳಗಳಿಗೆ ಗಟ್ಟಿ ಕಾಲುಸೇತುವೆ ಬಂದಿವೆ. ಸೇತುವೆಯಾಚೆ ದಾರಿಯೇ ಇಲ್ಲದಿದ್ದರೆ ಅದರಿಂದ ಏನು ಪ್ರಯೋಜನ?

ಕಾನೂನು ಈ ದಾರಿಗಳನ್ನು ಮರೆತಿಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ, 20 ವರ್ಷ ಬಹಿರಂಗವಾಗಿ, ಅಡೆತಡೆಯಿಲ್ಲದೆ, ಹಕ್ಕೆಂದು ಬಳಸಿಕೊಂಡು ಬಂದ ದಾರಿಯ ಮೇಲೆ ಬಳಸಿದವರಿಗೆ ಹಕ್ಕು ಹುಟ್ಟುತ್ತದೆ. ಆ ಹಕ್ಕು ಅಕ್ಕಪಕ್ಕದ ಜಮೀನಿನವರದು, ಓಟಗಾರರದಲ್ಲ. ಅವರ ನಡೆದಾಟ ಉಳಿದರೆ ಮಾತ್ರ ನಮ್ಮ ಓಟಕ್ಕೆ ನೆಲ. ಹಾಗಾಗಿ ಓಟದ ಸ್ಪರ್ಧೆ ನಡೆಸುವವರು ತೋಟದ ಮಾಲೀಕರ ಒಪ್ಪಿಗೆ ಕೇಳಿದಂತೆ ಗ್ರಾಮ ಪಂಚಾಯಿತಿಯಲ್ಲೂ ಕೂತು ಮಾತಾಡಲಿ. ಪ್ರವೇಶ ಶುಲ್ಕದಲ್ಲಿ ಒಂದು ಪಾಲು ಆ ದಾರಿಯ ಪೊದೆ ಸವರಲು, ಸಂಕ ಕಟ್ಟಲು, ಚರಂಡಿ ತೆಗೆಯಲು ಹೋಗಲಿ. ಆ ಕೆಲಸದ ಕೂಲಿ ಊರಿನವರಿಗೇ ಸಿಗಲಿ.

ಓಡುವವರು ಒಬ್ಬೊಬ್ಬರೇ ಮಾಡಬಹುದಾದದ್ದೂ ಇದೆ. ಕಂದಾಯ ಇಲಾಖೆಯ ಗ್ರಾಮ ನಕಾಶೆಗಳು ಈಗ ಅಂತರ್ಜಾಲದಲ್ಲೇ ಸಿಗುತ್ತವೆ. ಕೊಪ್ಪವೋ ಕಳಸವೋ, ನೀವು ಹೋಗುವ ಕಡೆಯ ಒಂದು ಊರಿನ ನಕಾಶೆ ಇಳಿಸಿಕೊಂಡು ನೋಡಿ. ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕಿ ಗೆರೆಯಲ್ಲಿ ತೋರಿಸಿರುತ್ತಾರೆ. ಅದನ್ನು ಮುದ್ರಿಸಿಕೊಂಡು ಹೋಗಿ, ಊರಿನ ಅಂಗಡಿ ಕಟ್ಟೆಯಲ್ಲಿ ಕೂತ ಹಿರಿಯರ ಮುಂದೆ ಹಿಡಿದು, ಇದರಲ್ಲಿ ಯಾವುದು ಇನ್ನೂ ಇದೆ ಎಂದು ಕೇಳಿ. ಅವರು ಬೆರಳಿಟ್ಟು ತೋರಿಸಿದ ದಾರಿಯಲ್ಲಿ, ಅವರು ಬೇಡ ಎಂದ ಕಡೆ ಬಿಟ್ಟು, ಓಡಿ. ಬೀಗ ಬಿದ್ದ ಗೇಟು ಎದುರಾದರೆ ಹಾರಬೇಡಿ. ಯಾವ ಸರ್ವೆ ನಂಬರಿನ ಹತ್ತಿರ ಎಂದು ಗುರುತು ಹಾಕಿಕೊಂಡು ಬಂದು ಪಂಚಾಯಿತಿಗೆ ಬರೆದು ಕೊಡಿ.