ನಿಮಗಿದು ಗೊತ್ತೇ? ಚಿಪ್ಪಿನೊಳಗಿನ ಜೀವ

* ಹತ್ತಿಕುಣಿಯ ಕಡೆ ಮನೆಗಳಲ್ಲಿ ಬೇಸಿಗೆಗೆ ಕಾಲು ತಂಪಾಗಿಸುವ ಪರಸಿ ಒಂದು ಕಾಲದ ಕಡಲತಳದ ಕೆಸರು. ಶಹಾಬಾದ್ ಕಲ್ಲೆಂದು ಹೆಸರಾದ ಈ ಸುಣ್ಣಕಲ್ಲಿನಲ್ಲಿ ಎಷ್ಟು ಹುಡುಕಿದರೂ ಒಂದು ಕಪ್ಪೆಚಿಪ್ಪು ಸಿಗದು. ಯಾಕೆಂದರೆ ಆಗಿನ್ನೂ ಚಿಪ್ಪು ಕಟ್ಟುವ ಪ್ರಾಣಿಯೇ ಹುಟ್ಟಿರಲಿಲ್ಲ! ಚಿಪ್ಪು ಬಂದದ್ದು ಸುಮಾರು 55 ಕೋಟಿ ವರ್ಷಗಳ ಹಿಂದೆ. ನಮ್ಮ ಪರಸಿ ಅದಕ್ಕೂ ಹಿರಿಯದು.

* ಹಾಗೆಂದು ಆ ಕಡಲು ಬರಿದಾಗಿರಲಿಲ್ಲ. ಈ ಪರಸಿ ಸಿಗುವ ಭೀಮಾ ಪದರಗಳೆಂಬ ಶಿಲಾಸಾಲಿನ ಜೇಡಿಕಲ್ಲನ್ನು ಹಾಳೆಯಂತೆ ಬಿಡಿಸಿದಾಗ ಸಾಸಿವೆ, ಮೆಣಸಿನ ಗಾತ್ರದ ಕರಿ ಬಿಲ್ಲೆಗಳು ಕಂಡಿವೆ. ಹೆಸರು ಚುವಾರಿಯಾ. ಎಲುಬಿಲ್ಲ, ಚಿಪ್ಪಿಲ್ಲ, ಮೆತ್ತನೆಯ ಮೈಯೇ ಇಂಗಾಲದ ತೆಳುಪೊರೆಯಾಗಿ ಉಳಿದಿದೆ. ಇದಕ್ಕೆ ಹೆಸರಿಟ್ಟವರು ಅಮೆರಿಕದ ಚಾರ್ಲ್ಸ್ ವಾಲ್ಕಾಟ್, 1899ರಲ್ಲಿ, ಗ್ರ್ಯಾಂಡ್ ಕ್ಯಾನಿಯನ್‌ನ ಕಲ್ಲು ನೋಡಿ.

* ಚಿಪ್ಪೇ ಬೇಕೆಂದರೆ ಗುರುಮಠಕಲ್‌ಗೆ ಹೋಗಬೇಕು. ಲಾವಾ ಹರಿವುಗಳ ನಡುವೆ ಸಿಕ್ಕಿಕೊಂಡ ಹಳೆಯ ಕೆರೆಗಳ ಕೆಸರಿನಲ್ಲಿ, ಸುಮಾರು 6.6 ಕೋಟಿ ವರ್ಷ ಹಿಂದಿನ ಬಸವನಹುಳುಗಳಿವೆ. ಆಸ್ಟ್ರಕೋಡ್ ಎಂಬ ಸಣ್ಣ ಜೀವಿಯ ಜೋಡಿಚಿಪ್ಪುಗಳಿವೆ. ಇವು ಸಿಹಿನೀರಿನವು. ಚಿಪ್ಪುಗಳೇನೋ ಗಟ್ಟಿಯಾಗಿವೆ, ಒಳಗಿದ್ದ ಜೀವ ಮಣ್ಣಾಗಿದೆ. ಎಲ್ಲೆಡೆ ಆಗುವುದೂ ಹೀಗೆಯೇ: ಮಾಂಸವನ್ನು ಬ್ಯಾಕ್ಟೀರಿಯಾಗಳು ಬೇಗನೆ ತಿಂದು ಮುಗಿಸುತ್ತವೆ.

* ಆದರೆ ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ 42.5 ಕೋಟಿ ವರ್ಷ ಹಳೆಯ ಕಡಲ ಆಸ್ಟ್ರಕೋಡ್ ಒಂದು ಇಡಿಯಾಗಿ ಸಿಕ್ಕಿತು. ಉದ್ದ 5 ಮಿಲಿಮೀಟರ್. ಜ್ವಾಲಾಮುಖಿಯ ನುಣ್ಣನೆಯ ಬೂದಿ ಅದನ್ನು ಮುಚ್ಚಿಬಿಟ್ಟಿತ್ತು. ಮೈ ಕೊಳೆತರೂ ಬೂದಿಯಲ್ಲಿ ಅಚ್ಚು ಉಳಿಯಿತು, ಅಚ್ಚಿನೊಳಗೆ ಕ್ಯಾಲ್ಸೈಟ್ ತುಂಬಿಕೊಂಡಿತು, ಅಕ್ಕಸಾಲಿ ಎರಕ ಹೊಯ್ದ ಹಾಗೆ. ವಿಜ್ಞಾನಿಗಳು ಕಲ್ಲನ್ನು ತೆಳುತೆಳುವಾಗಿ ಸವೆಸಿ, ಪದರಪದರವಾಗಿ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿದರು. ಕಣ್ಣು, ಕಾಲು, ಕಿವಿರು, ಕೊನೆಗೆ ಅದು ಗಂಡೆಂದು ಹೇಳುವ ಅಂಗವೂ ಕಂಡಿತು! 2003ರಲ್ಲಿ ಈ ಸುದ್ದಿ ಪ್ರಕಟವಾಯಿತು.

* ದೇವರ ಮನೆಯ ಸಾಲಿಗ್ರಾಮದಲ್ಲಿನ ಚಕ್ರ, ಅಮೋನೈಟ್ ಎಂಬ ಕಡಲ ಪ್ರಾಣಿಯ ಚಿಪ್ಪಿನ ಸುರುಳಿ. ನೇಪಾಳದ ಗಂಡಕಿ ನದಿ ಅದನ್ನು ಹಿಮಾಲಯದಿಂದ ಉರುಳಿಸಿ ತರುತ್ತದೆ.

* ಜಗತ್ತಿನಲ್ಲಿ ಅಮೋನೈಟ್ ಚಿಪ್ಪುಗಳಿಗೆ ಲೆಕ್ಕವಿಲ್ಲ, ಮೈ ಉಳಿದದ್ದು ಅತಿ ವಿರಳ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ 1998ರಲ್ಲಿ ದೊರೆತ ಒಂದನ್ನು 2021ರಲ್ಲಿ ಎಕ್ಸ್-ರೇ, ನ್ಯೂಟ್ರಾನ್ ಕಿರಣಗಳಿಂದ ನೋಡಿದಾಗ, ಮೈಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳುವ ಸ್ನಾಯುಗಳು ಕಂಡವು. ಕಲ್ಲನ್ನು ಒಡೆಯಲೇ ಇಲ್ಲ.

* ಗುರುಮಠಕಲ್ ಕಡೆ ಬಾವಿ ತೋಡುವಾಗ ಲಾವಾ ಗಟ್ಟಿಯಾದ ಕರಿಕಲ್ಲಿನ ನಡುವೆ ಚಿಪ್ಪಿರುವ ಪದರ ಕಂಡರೆ ದಯವಿಟ್ಟು ಜಲ್ಲಿ ಮಾಡಬೇಡಿ. ಒಂದು ಹೆಂಟೆ ಎತ್ತಿಟ್ಟು, ಸಿಕ್ಕ ಜಾಗ ಬರೆದಿಟ್ಟು, ಹತ್ತಿರದ ಕಾಲೇಜಿನ ಭೂವಿಜ್ಞಾನ ಮೇಷ್ಟ್ರಿಗೆ ತೋರಿಸಿ.