ತಾಯಿಗೂ ಮಗಳಿಗೂ ಒಂದೇ ಪಾಠ: ಕಾಯಿಲೆಗೆ ಮುನ್ನವೇ ಆರೈಕೆ

ನಮ್ಮ ಕನ್ನಡ ಶಾಲೆಗಳ ಹಾಜರಿ ಪುಸ್ತಕವನ್ನು ತಿರುವಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಏಳನೆಯ ತರಗತಿಯಿಂದಾಚೆಗೆ ಕೆಲವು ಹೆಣ್ಣುಮಕ್ಕಳು ಪ್ರತಿ ತಿಂಗಳೂ ಎರಡು ಮೂರು ದಿನ ಶಾಲೆಗೆ ಬರುವುದಿಲ್ಲ. ಕಾರಣ ಕೇಳಿದರೆ ‘ಹೊಟ್ಟೆನೋವು’ ಎಂಬ ಒಂದೇ ಉತ್ತರ. ಪೋಷಕರ ಸಭೆಗೆ ಬರುವ ತಾಯಂದಿರಲ್ಲಿಯೂ ಹಲವರು ನಲವತ್ತು ದಾಟುತ್ತಲೇ ಮಂಡಿನೋವು, ನಿದ್ರೆಯಿಲ್ಲದ ರಾತ್ರಿ, ಕಾರಣವಿಲ್ಲದ ಸಿಡುಕನ್ನು ಹೇಳಿಕೊಂಡು, ‘ಹೆಂಗಸರ ಹಣೆಬರಹವೇ ಇಷ್ಟು ಬಿಡಿ ಟೀಚರ್’ ಎಂದು ಮಾತು ಮುಗಿಸುತ್ತಾರೆ. ಇವುಗಳಲ್ಲಿ ಬಹುಪಾಲು ತೊಂದರೆಗಳನ್ನು ಮೊದಲೇ ಅರಿತರೆ ತಡೆಯಬಹುದು, ಇಲ್ಲವೇ ತಗ್ಗಿಸಬಹುದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಅಂಡಾಶಯಗಳಲ್ಲಿ ಉತ್ಪತ್ತಿಯಾಗುವ ಈಸ್ಟ್ರೋಜನ್ ಎಂಬ ಹಾರ್ಮೋನು ಮುಟ್ಟನ್ನು ನಿಯಂತ್ರಿಸುವುದರ ಜೊತೆಗೆ ಮೂಳೆಗಳ ಗಟ್ಟಿತನವನ್ನೂ ರಕ್ತನಾಳಗಳ ಆರೋಗ್ಯವನ್ನೂ ಕಾಯುತ್ತದೆ. ನಿದ್ರೆ, ಮನಸ್ಸುಗಳ ಮೇಲೂ ಪ್ರಭಾವ ಬೀರುತ್ತದೆ. ಮೈನೆರೆಯುವಾಗ ಇದು ಏರುತ್ತದೆ, ಬಸಿರಿನಲ್ಲಿ ಹಲವು ಪಟ್ಟು ಹೆಚ್ಚುತ್ತದೆ, ಹೆರಿಗೆಯಾದೊಡನೆ ಕುಸಿಯುತ್ತದೆ, ಮುಟ್ಟು ನಿಲ್ಲುವ ಕಾಲದಲ್ಲಿ ಏರಿಳಿದು ಕೊನೆಗೆ ತಗ್ಗಿಬಿಡುತ್ತದೆ. ಈ ತಿರುವುಗಳಲ್ಲಿಯೇ ನಾವು ಎಚ್ಚರದಿಂದಿರಬೇಕು.

ಮೈನೆರೆದ ಮಗಳು

ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ಆದರೆ ಹದಿನೈದು ತುಂಬಿದರೂ ಮೈನೆರೆಯದಿದ್ದರೆ, ಮೂರು ತಿಂಗಳು ಮುಟ್ಟು ಬಾರದಿದ್ದರೆ, ಏಳು ದಿನಕ್ಕೂ ಮೀರಿ ರಕ್ತಸ್ರಾವವಾದರೆ, ನೋವಿನಿಂದ ಶಾಲೆ ತಪ್ಪುವಂತಾದರೆ ವೈದ್ಯರಿಗೆ ತೋರಿಸಬೇಕು. ಮುಟ್ಟಿನ ಏರುಪೇರಿನೊಂದಿಗೆ ತೂಕ, ಮೊಡವೆ, ಮುಖದ ಮೇಲಿನ ಕೂದಲು ಹೆಚ್ಚಿದರೆ ಅದು ಪಿಸಿಓಎಸ್ ಇರಬಹುದು.

ದೊಡ್ಡ ಶತ್ರು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 53.4ರಷ್ಟು ಮಂದಿ ರಕ್ತಹೀನರು. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದರ್ಥ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಗಳು ನಿಜವಾಗಿ ನುಂಗುತ್ತಿದ್ದಾಳೆಯೇ ಎಂದು ವಿಚಾರಿಸಿರಿ. ನುಗ್ಗೆಸೊಪ್ಪು, ಹುರುಳಿ, ಅವರೆ ನಮ್ಮ ಅಡುಗೆಮನೆಯಲ್ಲೇ ಇವೆ. ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದೊಡನೆ ಕುಡಿಯುವ ಚಹಾ ಅದನ್ನು ತಡೆಯುತ್ತದೆ.

ಇನ್ನೊಂದು ಮಾತು. ಮೈನೆರೆದ ಹುಡುಗಿ ಮದುವೆಗೆ ಸಿದ್ಧಳಾದಳೆಂದು ತಿಳಿಯಬಾರದು. ಆಕೆಯ ಸೊಂಟದ ಮೂಳೆಗಳು ಇನ್ನೂ ಬೆಳೆಯುತ್ತಿರುತ್ತವೆ. ಹದಿನೆಂಟಕ್ಕೆ ಮುನ್ನ ಮದುವೆ ಕಾನೂನಿಗೂ ವಿರುದ್ಧ, ದೇಹಕ್ಕೂ ವಿರುದ್ಧ. ಅಂತಹ ಸುದ್ದಿ ಕಿವಿಗೆ ಬಿದ್ದರೆ 1098ಕ್ಕೆ ಕರೆ ಮಾಡಿರಿ.

ಬಸಿರು, ಬಾಣಂತನ

ಬಸಿರು ತಿಳಿದೊಡನೆ ಗ್ರಾಮದ ನರ್ಸಮ್ಮನವರಲ್ಲಿ ಹೆಸರು ಬರೆಸಿ ಪಿಕ್ಮಿ ಸಂಖ್ಯೆ ಪಡೆಯಬೇಕು. ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ನೆರವಿನ 18,000 ರೂಪಾಯಿಗೂ ಮುಂದೆ ಮಗುವಿನ ಜನನ ಪ್ರಮಾಣಪತ್ರಕ್ಕೂ ಅದು ಬೇಕು. ಕನಿಷ್ಠ ನಾಲ್ಕು ತಪಾಸಣೆ ಆಗಲೇಬೇಕು. ಬಸಿರಿನಲ್ಲಿ ಸಕ್ಕರೆ ಅಂಶ ಏರಿದ್ದವರು ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮುಂದೆ ಮಧುಮೇಹ ಬರುವ ಸಾಧ್ಯತೆ ಅವರಿಗೆ ಹೆಚ್ಚು. ಬಾಣಂತಿ ಎರಡು ವಾರ ಕಳೆದರೂ ಅಳುತ್ತ, ಮಗುವಿನ ಕಡೆ ನೋಡದಿದ್ದರೆ ದೃಷ್ಟಿ ತೆಗೆದು ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಮುಟ್ಟು ನಿಲ್ಲುವ ಕಾಲ

ಭಾರತದ ಮಹಿಳೆಯರಿಗೆ ಸರಾಸರಿ 46–47ರ ವಯಸ್ಸಿನಲ್ಲಿ ಮುಟ್ಟು ನಿಲ್ಲುತ್ತದೆ. ಅದಕ್ಕೆ ಕೆಲವು ವರ್ಷ ಮೊದಲೇ ಮೈ ಇದ್ದಕ್ಕಿದ್ದಂತೆ ಕಾದು ಬೆವರುವುದು, ನಿದ್ರೆ ಕೆಡುವುದು, ಮನಸ್ಸು ಕುಗ್ಗುವುದು ಆರಂಭವಾಗುತ್ತದೆ. ಈಸ್ಟ್ರೋಜನ್ನಿನ ಕಾವಲು ತಪ್ಪಿದ ಮೇಲೆ ಮೂಳೆ ಸವೆತ, ರಕ್ತದೊತ್ತಡ, ಹೃದ್ರೋಗಗಳ ಅಪಾಯ ಏರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿದೆ. ನಮ್ಮ ಹೊಲದ ರಾಗಿಯನ್ನು ಮಾರಿ ಪಡಿತರದ ಅಕ್ಕಿಯನ್ನಷ್ಟೇ ಉಣ್ಣುವುದು ಜಾಣತನವಲ್ಲ. ದಿನವೂ ಅರ್ಧ ಗಂಟೆ ಬಿರುಸಿನ ನಡಿಗೆಯೂ ಇರಲಿ.

ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡಬಾರದು. ಹೆಚ್ಚು ಸ್ರಾವವಾಗುತ್ತಿದೆ ಎಂದು ಯಾರಾದರೂ ಗರ್ಭಕೋಶ ತೆಗೆಸಿಬಿಡಿ ಎಂದರೆ ಒಪ್ಪುವ ಮುನ್ನ ಮತ್ತೊಬ್ಬ ವೈದ್ಯರನ್ನು ಕೇಳಿರಿ. ಮೂವತ್ತು ದಾಟಿದವರೆಲ್ಲರೂ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಕೊರಳು ಮತ್ತು ಸ್ತನ ಕ್ಯಾನ್ಸರಿನ ತಪಾಸಣೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು.

ಮನೆಬಾಗಿಲಿಗೆ ಬಂದ ಸೇವೆ, ನಡುವೆ ನಿಂತ ಭಾಷೆ

2021ರ ಆಗಸ್ಟ್ 5ರಂದು ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಗೆ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಚಾಲನೆ ನೀಡಿದ್ದು ನಮ್ಮದೇ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಜನರನ್ನು ಅರಸಿ ಬರುವ ವೈದ್ಯಸೇವೆ ಎಂದು ಇದರ ಅರ್ಥ. ರಕ್ತದೊತ್ತಡ, ಮಧುಮೇಹಗಳ ಔಷಧಿ ಮನೆಬಾಗಿಲಿಗೇ ಬರುತ್ತದೆ. ಆದರೆ ಚೀಟಿಯೂ ಕರಪತ್ರವೂ ತಮಿಳಿನಲ್ಲಿರುತ್ತವೆ. ತಳಿ, ಬಾಗಲೂರು, ಬೇರಿಗೆಯ ಕಡೆಯ ಎಷ್ಟೋ ತಾಯಂದಿರು ತಮಿಳು ಮಾತನಾಡಬಲ್ಲರು, ಓದಲಾರರು. ಕೈಯಲ್ಲಿ ಮಾತ್ರೆಯಿದ್ದರೂ ಯಾವುದು ಎಷ್ಟು ಹೊತ್ತಿಗೆ ಎಂಬುದು ತಿಳಿಯದು. ಗಡಿಯ ಕೇಂದ್ರಗಳಲ್ಲಿ ಕನ್ನಡದ ಕರಪತ್ರವೂ ಕನ್ನಡ ಬಲ್ಲ ಸಿಬ್ಬಂದಿಯೂ ಇರಬೇಕೆಂದು ನಾವು ಕೇಳುತ್ತಲೇ ಇರಬೇಕು. ಅದು ನಮ್ಮ ಹಕ್ಕು.

ಅಲ್ಲಿಯವರೆಗೆ ಒಂದು ದಾರಿಯಿದೆ. 2006ರ ತಮಿಳು ಕಲಿಕೆ ಕಾಯ್ದೆಯ ಬಗ್ಗೆ ನಮ್ಮ ತಕರಾರುಗಳು ಬೇರೆ. ಅದರ ಫಲವಾಗಿ ನಮ್ಮ ಹೆಣ್ಣುಮಕ್ಕಳು ಎರಡೂ ಲಿಪಿ ಓದಬಲ್ಲರು. ಮಗಳು ತಾಯಿಯ ಚೀಟಿಯನ್ನು ಓದಿ ಕನ್ನಡದಲ್ಲಿ ಬರೆದುಕೊಡಲಿ. ತಾಯಿ ತನ್ನ ಅನುಭವವನ್ನು ಮಗಳಿಗೆ ನಾಚದೆ ಹೇಳಲಿ. ಇಬ್ಬರೂ ಮುಟ್ಟಿನ ದಿನಗಳನ್ನೂ ಹಿಮೋಗ್ಲೋಬಿನ್ ಪ್ರಮಾಣವನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಲಿ. ಸಂಶಯವಿದ್ದರೆ 104ಕ್ಕೆ ಕರೆ ಮಾಡಿ ಕೇಳಲಿ. ಮುಂದಿನ ಪೋಷಕರ ಸಭೆಗೆ ಬರುವಾಗ ಆ ಪುಸ್ತಕವನ್ನೂ ತನ್ನಿರಿ; ನಾವು ಕುಳಿತು ಓದೋಣ.