ವಿದ್ಯುತ್ ಕಾರು: ಮೊದಲು ಕೊಂಡವರು ಕಂಡದ್ದೇನು?

ವಿದ್ಯುತ್ ಕಾರು ಕೊಳ್ಳಲು ಸಂಘದಿಂದ ಸಾಲ ದೊರೆಯುವುದೇ ಎಂದು ವಿಚಾರಿಸಿಕೊಂಡು ಈ ಕೊಯ್ಲು ಮುಗಿದ ಮೇಲೆ ಕಚೇರಿಗೆ ಬಂದವರು ಏಳು ಮಂದಿ. ಅವರಲ್ಲಿ ಇಬ್ಬರು ಅರ್ಜಿಯನ್ನೇ ಕೊಟ್ಟಿದ್ದಾರೆ. ಒಬ್ಬರದು ನಾಲ್ಕು ಎಕರೆ ಕಾಫಿ, ಹೊಳೆಯ ಅಂಚಿನಲ್ಲಿ ಒಂದೂವರೆ ಎಕರೆ ಅಡಕೆ. ಮಗಳ ಮದುವೆಗೆಂದು ಎರಡು ವರ್ಷದಿಂದ ಕಟ್ಟಿಟ್ಟಿದ್ದ ಕಾಳುಮೆಣಸನ್ನು ಮಾರಿ ಮುಂಗಡ ಕಟ್ಟುವ ಯೋಚನೆ ಅವರದು. "ಇಂಜಿನ್ ಕೆಟ್ಟರೆ ಪೇಟೆಯಲ್ಲಿ ಮೆಕ್ಯಾನಿಕ್ ಇದ್ದಾನೆ ಕಾರ್ಯದರ್ಶಿಗಳೇ, ಬ್ಯಾಟರಿ ಸೋತರೆ ಯಾರ ಹತ್ತಿರ ಹೋಗೋದು?" ಎಂದು ಅವರು ಕೇಳಿದರು. ಆ ದಿನ ನಮಗೆ ತಕ್ಕ ಉತ್ತರ ತೋಚಲಿಲ್ಲ. ಓದಿ, ವಿಚಾರಿಸಿ ತಿಳಿದುಕೊಂಡದ್ದನ್ನು ಈಗ ಬರೆಯುತ್ತಿದ್ದೇವೆ.

ಈ ವಿಷಯದಲ್ಲಿ ನಾವು ಒಮ್ಮೆ ಕೈ ಸುಟ್ಟುಕೊಂಡವರು ಎಂಬುದು ಹಳೆಯ ಸದಸ್ಯರಿಗೆ ಗೊತ್ತಿದೆ. ಮೂರು ವರ್ಷದ ಹಿಂದೆ ನಮ್ಮ ಮಾತಿನ ಮೇಲೆಯೇ ಹಲವರು ಬೆನ್ನಿಗೆ ಹಾಕಿಕೊಳ್ಳುವ ಲಿಥಿಯಂ ಬ್ಯಾಟರಿ ಸ್ಪ್ರೇಯರ್ ಕೊಂಡರು. ಮೊದಲ ವರ್ಷ ಒಂದು ಚಾರ್ಜಿಗೆ ಹದಿನಾರು ಕ್ಯಾನು ಹೊಡೆಯುತ್ತಿತ್ತು. ತಗಡಿನ ಶೆಡ್ಡಿನಲ್ಲಿ ಒಂದು ಬೇಸಿಗೆ ಕಳೆದದ್ದೇ ತಡ, ಒಂಬತ್ತಕ್ಕೆ ಇಳಿಯಿತು. ಗ್ಯಾರಂಟಿ ಕಾರ್ಡು ತೆಗೆದು ಓದಿದರೆ ಅದರಲ್ಲಿ ಬ್ಯಾಟರಿ 'ಕೆಟ್ಟರೆ' ಬದಲಿ ಕೊಡುತ್ತೇವೆ ಎಂದಿತ್ತು. 'ಸವೆದರೆ' ಎಂಬ ಮಾತೇ ಇರಲಿಲ್ಲ. ಕೊಳ್ಳುವ ಮೊದಲು ಆ ಕಾರ್ಡನ್ನು ನಾವು ಓದಿರಲಿಲ್ಲ. ತಪ್ಪು ನಮ್ಮದೇ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಇದೇ 'ಕೆಡುವುದು' ಮತ್ತು 'ಸವೆಯುವುದು' ಎಂಬ ಎರಡು ಮಾತುಗಳ ನಡುವೆ ಸಾವಿರಾರು ಮೈಲಿ ಆಚೆ, ನಮಗಿಂತ ಬಹಳ ಮುಂಚೆ, ಕಾರು ಕೊಂಡವರೇ ಸಿಕ್ಕಿಕೊಂಡಿದ್ದರು.

ವಿದ್ಯುತ್ ಕಾರು ನಮ್ಮ ರಾಜ್ಯಕ್ಕೆ ತೀರ ಹೊಸತಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ 'ರೇವಾ' ಎಂಬ ಪುಟ್ಟ ಕಾರು ಮಾರಾಟಕ್ಕೆ ಬಂದಿತು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಸೀಟಿನ ಕೆಳಗೆ 6 ವೋಲ್ಟಿನ ಎಂಟು ಸೀಸದ ಬ್ಯಾಟರಿ. ತುಂಬಿದ ಚಾರ್ಜಿಗೆ ಸುಮಾರು 80 ಕಿಲೋಮೀಟರ್. ಲಂಡನ್ನಿನಲ್ಲಿಯೂ ಅದು 'ಜಿ-ವಿಜ್' ಎಂಬ ಹೆಸರಿನಲ್ಲಿ ಓಡಿತು. ನಮ್ಮ ಟ್ರ್ಯಾಕ್ಟರ್ ಬ್ಯಾಟರಿಯ ಜಾತಿಯದೇ ಆದ್ದರಿಂದ ಅದಕ್ಕೂ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ಮೂರು ವರ್ಷದ ಸುಮಾರಿಗೆ ಎಂಟನ್ನೂ ಬದಲಿಸಬೇಕು. ಈ ಖರ್ಚು ಮೊದಲೇ ಗೊತ್ತಿರುವಂಥದು. ಗೊತ್ತಿರುವ ಖರ್ಚಿಗೆ ಬೆಳೆಗಾರ ಹೆದರುವುದಿಲ್ಲ, ಗೊಬ್ಬರದ ಹಾಗೆ ಅದಕ್ಕೂ ಒಂದಿಷ್ಟು ಎತ್ತಿಡುತ್ತಾನೆ. ತೊಂದರೆ ಬಂದದ್ದು ಲಿಥಿಯಂ ಬ್ಯಾಟರಿ ಬಂದು, 'ಇದಕ್ಕೆ ಏನೂ ಮಾಡಬೇಕಿಲ್ಲ' ಎಂದು ಜನ ನಂಬಿದ ಮೇಲೆ.

ಜಪಾನಿನ ನಿಸ್ಸಾನ್ ಕಂಪನಿಯ 'ಲೀಫ್' ಎಂಬ ಕಾರು 2010ರ ಡಿಸೆಂಬರಿನಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ಮಾರಾಟಕ್ಕೆ ಬಂತು. ಸಾಮಾನ್ಯ ಸಂಸಾರ ಕೊಳ್ಳಬಹುದಾದ, ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ವಿದ್ಯುತ್ ಕಾರುಗಳಲ್ಲಿ ಅದೊಂದು. ಅದರ ಬ್ಯಾಟರಿ 24 ಯೂನಿಟ್ಟಿನದು. ಅಂದರೆ ಮನೆಯ ಮೀಟರು ತೋರಿಸುತ್ತದಲ್ಲ, ಅದೇ ಯೂನಿಟ್. ಅಮೆರಿಕದ ಸರ್ಕಾರಿ ಪರೀಕ್ಷೆಯ ಪ್ರಕಾರ ಒಂದು ಚಾರ್ಜಿಗೆ 73 ಮೈಲಿ, ನಮ್ಮ ಲೆಕ್ಕದಲ್ಲಿ 117 ಕಿಲೋಮೀಟರ್.

2011ರ ಏಪ್ರಿಲಿನಲ್ಲಿ ಕೆಲವು ಕಾರುಗಳು ನಿಲ್ಲಿಸಿದ ಮೇಲೆ ಮತ್ತೆ ಸ್ಟಾರ್ಟ್ ಆಗಲಿಲ್ಲ. ಏರ್‌ಕಂಡೀಷನಿನ ಒಂದು ಸೆನ್ಸರ್ ಇಲ್ಲದ ಕೇಡನ್ನು ಇದೆಯೆಂದು ತೋರಿಸುತ್ತಿತ್ತಂತೆ. ಕಂಪ್ಯೂಟರಿನ ಪ್ರೋಗ್ರಾಮು ಬದಲಿಸಿದರು, ಸರಿಹೋಯಿತು. ಇನ್ನು ಕೆಲವರಿಗೆ ದೊಡ್ಡ ಬ್ಯಾಟರಿ ತುಂಬಿದ್ದರೂ, ದೀಪ ಮತ್ತು ಕಂಪ್ಯೂಟರಿಗೆಂದು ಇರುವ 12 ವೋಲ್ಟಿನ ಸಣ್ಣ ಬ್ಯಾಟರಿ ಇಳಿದುಹೋಗಿ ಕಾರು ಹೆಣದಂತೆ ನಿಂತಿತು. (ಇದು ಈಗಿನ ವಿದ್ಯುತ್ ಕಾರುಗಳಿಗೂ ತಪ್ಪಿದ್ದಲ್ಲ. ತಿಂಗಳುಗಟ್ಟಲೆ ಕಾರು ನಿಲ್ಲಿಸಿ ಊರಿಗೆ ಹೋಗುವವರು ನೆನಪಿಡಿ.) ಇವನ್ನು ಬಿಟ್ಟರೆ ಮೋಟಾರಿನ ಬಗ್ಗೆ ದೂರುಗಳು ಕಡಿಮೆ. ಆಯಿಲ್ ಬದಲಿಸುವುದಿಲ್ಲ, ಕ್ಲಚ್ಚಿಲ್ಲ, ಸೈಲೆನ್ಸರಿಲ್ಲ. ಬ್ರೇಕ್ ಹಿಡಿಯುವಾಗ ಮೋಟಾರೇ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡುಗಳೂ ಬೇಗ ಸವೆಯುವುದಿಲ್ಲ.

ನಿಜವಾದ ಕಥೆ ಶುರುವಾದದ್ದು 2012ರ ಬೇಸಿಗೆಯಲ್ಲಿ, ಅಮೆರಿಕದ ಅರಿಜೋನಾ ರಾಜ್ಯದಲ್ಲಿ. ಅಲ್ಲಿಯ ಫೀನಿಕ್ಸ್ ನಗರದ ಬೇಸಿಗೆ ಎಂದರೆ 43 ಡಿಗ್ರಿ ದಾಟುವ ದಿನಗಳು ಸಾಮಾನ್ಯ. ಈ ಕಾರಿನಲ್ಲಿ ಎರಡು ಅಳತೆಗಳಿವೆ. ಇವತ್ತು ಎಷ್ಟು ಚಾರ್ಜು ಇದೆ ಎಂಬುದು ಒಂದು. ಅದರ ಪಕ್ಕದಲ್ಲಿ ಸಣ್ಣದಾಗಿ ಹನ್ನೆರಡು ಗೀಟುಗಳು. ಅವು ಬ್ಯಾಟರಿಯ ಒಟ್ಟು ಹಿಡಿತ ಎಷ್ಟು ಉಳಿದಿದೆ ಎಂಬುದನ್ನು ತೋರಿಸುತ್ತವೆ. ಕೊಳಗ ಎಷ್ಟು ತುಂಬಿದೆ ಎಂಬುದು ಮೊದಲನೆಯದು, ಕೊಳಗವೇ ಎಷ್ಟು ಕುಗ್ಗಿದೆ ಎಂಬುದು ಎರಡನೆಯದು. ಕೊಂಡು ಒಂದೂವರೆ ವರ್ಷವಾಗುವುದರೊಳಗೆ ಫೀನಿಕ್ಸಿನವರ ಗೀಟುಗಳು ಒಂದೊಂದಾಗಿ ಮಾಯವಾಗತೊಡಗಿದವು. ತಂಪು ಊರುಗಳಲ್ಲಿ ಅದೇ ಕಾರು, ಅದೇ ವಯಸ್ಸು, ಗೀಟುಗಳು ಇದ್ದ ಹಾಗೇ ಇದ್ದವು.

ಹನ್ನೆರಡರಲ್ಲಿ ಒಂದು ಹೋದರೆ ನೂರಕ್ಕೆ ಎಂಟು ಹೋಯಿತು ಎಂದು ಯಾರೂ ತಿಳಿಯುತ್ತಾರೆ. ಲೆಕ್ಕ ಹಾಗಿರಲಿಲ್ಲ. ಕಂಪನಿಯ ದುರಸ್ತಿ ಪುಸ್ತಕದ ಪ್ರಕಾರ ನೂರಕ್ಕೆ 15ರಷ್ಟು ಹಿಡಿತ ಹೋದ ಮೇಲೆಯೇ ಮೊದಲ ಗೀಟು ಆರುತ್ತದೆ. ಆಮೇಲಿನದು ಒಂದೊಂದಕ್ಕೂ ಆರೂಕಾಲರಂತೆ. ಹೀಗೆ ಮೊದಲ ಗೀಟು ಹೋಗುವ ತನಕ ಮಾಲೀಕನಿಗೆ ಎಲ್ಲವೂ ಹೊಸದರಂತೆಯೇ ಕಾಣುತ್ತಿರುತ್ತದೆ. ನೂರು ತೂಗಬೇಕಾದಲ್ಲಿ ಎಂಬತ್ತೈದು ತೂಗಿದರೂ ಮುಳ್ಳು ಅಲ್ಲಾಡದ ತಕ್ಕಡಿಯನ್ನು ನಮ್ಮ ಮಂಡಿಯಲ್ಲಿ ಇಟ್ಟಿದ್ದರೆ ಸದಸ್ಯರು ಸುಮ್ಮನಿರುತ್ತಿದ್ದರೇ?

ಆ ಮಾಲೀಕರು ಕೂಗಾಡಿದರು, ಕೆಲವರು ಕೋರ್ಟಿಗೂ ಹೋದರು. ಆದರೆ ಅವರು ಮಾಡಿದ್ದರಲ್ಲಿ ನಮಗೆ ಮೆಚ್ಚುಗೆಯಾದದ್ದು ಬೇರೆ. ನಾವು ಮಳೆ ಪುಸ್ತಕದಲ್ಲಿ ಇಂಚು, ಸೆಂಟು ಬರೆದಿಡುವಂತೆ ಅವರಲ್ಲಿ ಹಲವರು ಮೊದಲ ದಿನದಿಂದಲೇ ಮೈಲಿ, ಚಾರ್ಜು ಎರಡನ್ನೂ ಬರೆದಿಟ್ಟಿದ್ದರು. 2012ರ ಸೆಪ್ಟೆಂಬರಿನಲ್ಲಿ ಹನ್ನೆರಡು ಕಾರುಗಳನ್ನು ಒಂದೆಡೆ ಸೇರಿಸಿ, ಎಲ್ಲವನ್ನೂ ಪೂರ್ತಿ ಚಾರ್ಜು ಮಾಡಿ, ಒಂದೇ ವೇಗದಲ್ಲಿ, ನಿಂತುಹೋಗುವ ತನಕ ಓಡಿಸಿದರು. ಹೊಸ ಕಾರು ಆ ವೇಗದಲ್ಲಿ 84 ಮೈಲಿ ಓಡಬೇಕೆಂದು ಅವರ ಲೆಕ್ಕ. ಒಂದೂ ಅಷ್ಟು ಓಡಲಿಲ್ಲ. ಒಳ್ಳೆಯದು 80ರ ಹತ್ತಿರ, ಕಡೆಯದು 60ರ ಸುಮಾರು. ಗೀಟಿನ ಮಾಪಕವೇ ಸರಿಯಿಲ್ಲ ಎಂಬುದೂ ಆಗ ಗೊತ್ತಾಯಿತು: ಕೆಲವು ಕಾರುಗಳು ಗೀಟು ತೋರಿಸಿದ್ದಕ್ಕಿಂತ ಚೆನ್ನಾಗಿಯೇ ಓಡಿದವು. ದೂರು ಕೊಟ್ಟವರೇ ಮಾಡಿದ ಪರೀಕ್ಷೆಯಲ್ಲಿ ಕಂಪನಿಯ ಪರವಾದ ಈ ಅಂಶವೂ ಹೊರಬಂತು, ಅವರು ಅದನ್ನು ಮುಚ್ಚಿಡಲಿಲ್ಲ.

ಕಂಪನಿ ಮೊದಲು ಕೊಟ್ಟಿದ್ದ ಗ್ಯಾರಂಟಿ 8 ವರ್ಷ ಅಥವಾ 1 ಲಕ್ಷ ಮೈಲಿ. ಕೇಳಲು ಭಾರಿ. ಆದರೆ ಅದು ತಯಾರಿಕೆಯ ದೋಷಕ್ಕೆ ಮಾತ್ರ. ಕ್ರಮೇಣ ಹಿಡಿತ ಕುಗ್ಗುವುದು ಸಹಜವೆಂದು ಹೊರಗಿಡಲಾಗಿತ್ತು. ನಮ್ಮ ಸ್ಪ್ರೇಯರ್ ಕಾರ್ಡಿನ ಕಥೆಯೇ. ಗಲಾಟೆಯ ನಂತರ 2012ರ ಕೊನೆಯಲ್ಲಿ ಕಂಪನಿ ಹೊಸ ಮಾತು ಕೊಟ್ಟಿತು: 5 ವರ್ಷ ಅಥವಾ 60,000 ಮೈಲಿಯೊಳಗೆ ಗೀಟುಗಳು ಒಂಬತ್ತಕ್ಕಿಂತ ಕೆಳಗಿಳಿದರೆ ಬ್ಯಾಟರಿ ದುರಸ್ತಿ ಅಥವಾ ಬದಲಿ. ಹಿಂದೆ ಕೊಂಡವರಿಗೂ ಇದು ಅನ್ವಯವಾಯಿತು. ಆದರೂ ಒಳಗಿನ ಒಂದು ಸಾಲನ್ನು ಗಮನಿಸಿ. ಬ್ಯಾಟರಿಯನ್ನು ಒಂಬತ್ತು ಗೀಟಿಗೆ ತಂದುಕೊಡುವುದಷ್ಟೇ ಹೊಣೆ, ಹನ್ನೆರಡಕ್ಕೆ ಅಲ್ಲ. 2014ರಲ್ಲಿ ಕಂಪನಿಯು ಹಳೆಯ ಬ್ಯಾಟರಿ ಹಿಂತೆಗೆದುಕೊಂಡು ಹೊಸದನ್ನು 5,499 ಡಾಲರಿಗೆ ಕೊಡುವುದಾಗಿ ಪ್ರಕಟಿಸಿತು. ಆಗಿನ ದರದಲ್ಲಿ ಸುಮಾರು ಮೂರೂಕಾಲು ಲಕ್ಷ ರೂಪಾಯಿ, ಜೋಡಿಸುವ ಖರ್ಚು ಬೇರೆ. ಹೊಸ ಬ್ಯಾಟರಿಯ ರಸಾಯನವನ್ನು ಶಾಖ ತಡೆಯುವಂತೆ ಬದಲಿಸಲಾಗಿತ್ತು.

ಶಾಖ ಯಾಕೆ ಹೀಗೆ ಮಾಡುತ್ತದೆ? ಲಿಥಿಯಂ ಬ್ಯಾಟರಿಯೊಳಗೆ ಲಿಥಿಯಂ ಕಣಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಬರುತ್ತಿರಬೇಕು. ಅದರ ಜೊತೆಗೆ ಒಂದಷ್ಟು ಬೇಡದ ಕ್ರಿಯೆಯೂ ನಡೆಯುತ್ತದೆ: ಒಳಗಿನ ದ್ರವ ಮತ್ತು ಲಿಥಿಯಂ ಸೇರಿ ಹಾಳೆಯ ಮೇಲೆ ಪೊರೆ ಕಟ್ಟುತ್ತವೆ, ಪೊರೆಯಲ್ಲಿ ಸಿಕ್ಕಿಕೊಂಡ ಲಿಥಿಯಂ ಮತ್ತೆ ಕೆಲಸಕ್ಕೆ ಬಾರದು. ಶಾಖ ಏರಿದಂತೆ ಈ ಕ್ರಿಯೆಗೆ ಬಿರುಸು. ಅದರ ಮೇಲೆ ಬ್ಯಾಟರಿ ಪೂರ್ತಿ ತುಂಬಿಯೇ ನಿಂತಿದ್ದರೆ ಇನ್ನಷ್ಟು. ಬಿಸಿ ಗೋದಾಮಿನಲ್ಲಿ ಪಾರ್ಚ್‌ಮೆಂಟ್ ಕಾಫಿ ಇಟ್ಟಲ್ಲೇ ಬಣ್ಣಗೆಡುವಂತೆ ಕಾರು ಓಡದೆ ನಿಂತಿದ್ದರೂ ಬ್ಯಾಟರಿಗೆ ವಯಸ್ಸಾಗುತ್ತದೆ. ಲೀಫ್ ಬ್ಯಾಟರಿಗೆ ತಂಪು ಮಾಡುವ ನೀರಿನ ಏರ್ಪಾಟಾಗಲಿ ಫ್ಯಾನಾಗಲಿ ಇರಲಿಲ್ಲ. ಹಗಲೆಲ್ಲ ಕಾದ ಡಾಂಬರಿನ ಮೇಲೆ ನಿಂತರೆ ರಾತ್ರಿಯೂ ಆರುತ್ತಿರಲಿಲ್ಲ.

ಈಗ ನಮ್ಮ ವಿಷಯ. ನಮ್ಮಲ್ಲಿ ಮಾರಾಟವಾಗುವ ಹಲವು ಕಾರುಗಳಿಗೆ ದ್ರವದಿಂದ ತಂಪು ಮಾಡುವ ಏರ್ಪಾಟಿದೆ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ 30.2 ಯೂನಿಟ್ಟಿನ ಬ್ಯಾಟರಿಗೂ ಅದು ಇತ್ತು. ಕಬ್ಬಿಣ-ಫಾಸ್ಫೇಟ್ ಜಾತಿಯ ಬ್ಯಾಟರಿಗಳು ಶಾಖವನ್ನು ಹೆಚ್ಚು ತಾಳುತ್ತವೆ. ಮಲೆನಾಡಿನ ಹವೆಯೂ ಬ್ಯಾಟರಿಗೆ ಹಿತ. ಆದ್ದರಿಂದ ಫೀನಿಕ್ಸಿನ ಕಥೆ ಇಲ್ಲಿ ಹಾಗೆಯೇ ಮರುಕಳಿಸುತ್ತದೆ ಎಂದು ನಾವು ಹೆದರಿಸುತ್ತಿಲ್ಲ. ಆದರೆ ಕಾರನ್ನು ಕಾಫಿ ಕಣದ ಬಿಸಿಲಿನಲ್ಲಿ ಅಥವಾ ತಗಡಿನ ಕೆಳಗೆ ನಿಲ್ಲಿಸುವ ಬದಲು ಮರದ ನೆರಳಿನಲ್ಲಿ ನಿಲ್ಲಿಸಿ. ದಿನಬಳಕೆಗೆ ನೂರಕ್ಕೆ ಎಂಬತ್ತು ತುಂಬಿದರೆ ಸಾಕು. ಕಬ್ಬಿಣ-ಫಾಸ್ಫೇಟ್ ಆದರೆ ಮಾತ್ರ ತಯಾರಕರು ಹೇಳಿದಂತೆ ಆಗಾಗ ಪೂರ್ತಿ ತುಂಬಬೇಕು, ಇಲ್ಲವಾದರೆ ಮಾಪಕ ದಾರಿ ತಪ್ಪುತ್ತದೆ. ಯಾವ ಜಾತಿ ಎಂಬುದನ್ನು ಕೊಳ್ಳುವಾಗಲೇ ಕೇಳಿ ಬರೆದುಕೊಳ್ಳಿ.

ಘಾಟಿಯ ಲೆಕ್ಕವನ್ನೂ ಹೇಳಿಬಿಡುತ್ತೇವೆ. ಜನ ಸಾಮಾನು ಸೇರಿ 1,500 ಕಿಲೋ ತೂಗುವ ಕಾರು 800 ಮೀಟರ್ ಏರಬೇಕಾದರೆ ಏರುವುದಕ್ಕೇ ಮೂರೂಕಾಲು ಯೂನಿಟ್ ಬೇಕು; ನಷ್ಟ ಸೇರಿ ನಾಲ್ಕು ಎನ್ನಿ. ದಾರಿಯ ದೂರಕ್ಕೆ ಬೇಕಾದದ್ದು ಅದರ ಮೇಲೆ. ಬ್ಯಾಟರಿ ಸವೆದು 30 ಯೂನಿಟ್ಟಿನದು 21ಕ್ಕೆ ಇಳಿದರೂ ಘಾಟಿ ಕೇಳುವ ನಾಲ್ಕು ಯೂನಿಟ್ ಕಡಿಮೆಯಾಗುವುದಿಲ್ಲ. ಇಳಿಯುವಾಗ ಒಂದು ಪಾಲು ವಾಪಸು ಬರುತ್ತದೆ, ನಿಜ. ಆದರೆ ಘಾಟಿಯ ಮೇಲೆಯೇ ಮನೆ ಇರುವವರು ರಾತ್ರಿ ನೂರಕ್ಕೆ ನೂರು ತುಂಬಿಸಿ ಬೆಳಿಗ್ಗೆ ನೇರ ಇಳಿಜಾರಿಗೆ ಹೊರಟರೆ, ವಾಪಸು ಬರುವ ವಿದ್ಯುತ್ತಿಗೆ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ, ಮೋಟಾರು ಹಿಡಿಯುವುದೂ ಇಲ್ಲ. ಭಾರವೆಲ್ಲ ಸಾಮಾನ್ಯ ಬ್ರೇಕಿನ ಮೇಲೆ. ಸ್ವಲ್ಪ ಖಾಲಿ ಬಿಟ್ಟೇ ಹೊರಡಿ.

ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಲಸವನ್ನೇ ಮಾಡದಿರಬಹುದು. ಅದನ್ನು ಕಾರಿನ ದೋಷವೆಂದು ಬಗೆಯದೆ ಅರ್ತ್ ಗುಂಡಿ ನೋಡಿಸಿ. ಇಲಿ, ಹೆಗ್ಗಣಗಳು ವೈರು ಕಡಿದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳನ್ನು ಮಾತ್ರ ಪೇಟೆಯ ಎಲೆಕ್ಟ್ರೀಷಿಯನ್ ಕೈಯಲ್ಲಿ ಮುಟ್ಟಿಸಬೇಡಿ. ಅವುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜು ಇರುತ್ತದೆ.

ಸಾಲದ ವಿಷಯದಲ್ಲಿ ಕಾರ್ಯಕಾರಿ ಸಮಿತಿಯ ಮುಂದೆ ನಾವು ಎರಡು ಸಲಹೆ ಇಟ್ಟಿದ್ದೇವೆ. ಬ್ಯಾಟರಿಯ ಹಿಡಿತ ನೂರಕ್ಕೆ ಎಷ್ಟರ ಕೆಳಗೆ ಇಳಿದರೆ ಬದಲಿ, ಅದನ್ನು ಯಾರು ಯಾವ ಯಂತ್ರದಿಂದ ಅಳೆಯುತ್ತಾರೆ, ಬದಲಿ ಬಂದದ್ದು ಹೊಸದೋ ದುರಸ್ತಿ ಮಾಡಿದ್ದೋ, ಇಷ್ಟನ್ನು ಮಾರಾಟಗಾರರಿಂದ ಬರಹದಲ್ಲಿ ಪಡೆದು ಅರ್ಜಿಯೊಡನೆ ಲಗತ್ತಿಸಬೇಕು. ಹಿಡಿತಕ್ಕೆ ಕೊಟ್ಟ ಗ್ಯಾರಂಟಿಯ ಅವಧಿ ಮುಗಿಯುವುದರೊಳಗೆ ಸಾಲದ ಕೊನೆಯ ಕಂತೂ ತೀರುವಂತಿರಬೇಕು. ಎರಡನೆಯದು ಕಂತನ್ನು ದೊಡ್ಡದು ಮಾಡುತ್ತದೆ ಎಂಬ ಆಕ್ಷೇಪಣೆ ಬಂದಿದೆ, ಅದು ನ್ಯಾಯವಾದದ್ದೇ. ಆದರೂ ಸೋತ ಬ್ಯಾಟರಿಗೆ ಮೂರು ವರ್ಷ ಕಂತು ಕಟ್ಟುವ ಸ್ಥಿತಿ ಸದಸ್ಯರಿಗೆ ಬರಬಾರದೆಂಬುದು ನಮ್ಮ ಅಭಿಪ್ರಾಯ.

ಕಾಳುಮೆಣಸಿನ ಸದಸ್ಯರಿಗೆ ಈ ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದುಕೊಟ್ಟೆವು. ಅವರು ಅದನ್ನು ಮಾರಾಟಗಾರರಿಗೆ ಕೊಟ್ಟು ಹನ್ನೆರಡು ದಿನವಾಯಿತು. ಬಾಯಿಮಾತಿನಲ್ಲಿ ಎಲ್ಲಕ್ಕೂ ಹೌದು ಎಂದಿದ್ದಾರಂತೆ. ಬರಹ ಇನ್ನೂ ಬಂದಿಲ್ಲ. ಮೆಣಸಿನ ಚೀಲಗಳು ಸದ್ಯಕ್ಕೆ ಸಂಘದ ಗೋದಾಮಿನಲ್ಲಿಯೇ ಇವೆ.